4 ಇಂಚಿನ ಗ್ರೈಂಡರ್‌ನಲ್ಲಿ ಸ್ಕ್ವೇರ್ ಪೈಪ್ ಕಟಿಂಗ್: ಕಟ್ ಸೊಟ್ಟ ಹೋಗುತ್ತೆ, ಡಿಸ್ಕ್ ಒಡೆಯುತ್ತೆ, ಏನು ಮಾಡೋದು?

ಹಿತ್ತಲ ವರ್ಕ್‌ಶಾಪ್:
ಹೂಕುಂಡ ಇಡಲು ಕಬ್ಬಿಣದ ಸ್ಟ್ಯಾಂಡ್ ಮಾಡಬೇಕು. 25×25 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್, ಸಾಧಾರಣ ಕಬ್ಬಿಣ) ಸ್ಕ್ವೇರ್ ಪೈಪ್, 16 ಗೇಜ್ (ಗೋಡೆ ದಪ್ಪ 1.6 ಮಿ.ಮೀ.). ಮೆಷಿನ್ 4 ಇಂಚಿನ ಆಂಗಲ್ ಗ್ರೈಂಡರ್, 850 ವ್ಯಾಟ್, 11,000 ಆರ್‌ಪಿಎಂ. ಡಿಸ್ಕ್ 1.2 ಮಿ.ಮೀ. ದಪ್ಪದ್ದು. ತೊಂದರೆ ಮೂರು. ಮೇಲಿನ ಮುಖದಲ್ಲಿ ಗೆರೆ ಮೇಲೇ ಹೋಗುವ ಕಟ್ ಕೆಳಗಿನ ಮುಖದಲ್ಲಿ 3-4 ಮಿ.ಮೀ. ಆಚೆ ಬರುತ್ತಿದೆ. ಕಟ್ ಮುಗಿಯುವ ಹೊತ್ತಿಗೆ ಡಿಸ್ಕ್ ಸಿಕ್ಕಿಕೊಂಡು ಮೆಷಿನ್ ಎಗರುತ್ತಿದೆ. ಎರಡು ಡಿಸ್ಕ್ ಅಂಚಲ್ಲಿ ಚೂರು ಕಿತ್ತು ಬಂದಿವೆ. ಮೆಷಿನ್ನೇ ಸಾಲದೋ, ಹಿಡಿಯುವ ಕ್ರಮ ತಪ್ಪೋ?

ಫಿಟ್ಟರ್ ಟ್ರೇಡ್:
ಈ ಕೆಲಸಕ್ಕೆ 850 ವ್ಯಾಟ್ ಧಾರಾಳ ಸಾಕು ಸರ್. ಮೂರೂ ತೊಂದರೆಗೆ ಮೂಲ ಒಂದೇ, ಪೈಪ್ ಕೂರಿಸಿರುವ ರೀತಿ.

ಪೈಪಿನ ಎರಡೂ ತುದಿಗೆ ಇಟ್ಟಿಗೆಯೋ ಸ್ಟೂಲೋ ಕೊಟ್ಟು ನಡುವೆ ಕತ್ತರಿಸುತ್ತಿದ್ದೀರಿ ಅಂತ ಅಂದಾಜು. ಹಾಗೆ ಮಾಡಿದರೆ ಕಟ್ ಆಳಕ್ಕೆ ಹೋದಂತೆ ಪೈಪ್ ತನ್ನ ಭಾರಕ್ಕೆ ನಡುವೆ ಕುಸಿಯುತ್ತದೆ, ಕಟ್‌ನ ಬಾಯಿ ಮುಚ್ಚಿಕೊಳ್ಳುತ್ತದೆ, ಎರಡು ಗೋಡೆ ಸೇರಿ ಡಿಸ್ಕನ್ನು ಕಚ್ಚುತ್ತವೆ. ತಿರುಗುತ್ತಿರುವ ಡಿಸ್ಕ್ ತಟ್ಟನೆ ನಿಂತಾಗ ಆ ಶಕ್ತಿಯೆಲ್ಲ ಮೆಷಿನ್ ಬಾಡಿಗೆ ಬರುತ್ತದೆ. ಎಗರುವುದು ಅದಕ್ಕೆ. ಅಂಚಿನ ಚೂರು ಹೋಗುವುದೂ ಅದೇ ಗಳಿಗೆಯಲ್ಲಿ.

ಬೇಕಾದ ತುಂಡನ್ನು ವೈಸ್‌ನಲ್ಲೋ ಸಿ-ಕ್ಲಾಂಪಿನಲ್ಲೋ ಬಿಗಿಯಿರಿ. ಗೆರೆ ಕ್ಲಾಂಪಿನಿಂದ 30-40 ಮಿ.ಮೀ. ಮಾತ್ರ ಹೊರಗಿರಲಿ. ಬೀಳುವ ತುಂಡನ್ನು ಬಿಗಿಯಬೇಡಿ. ಅದು ಚಿಕ್ಕದಾಗಿದ್ದರೆ ಹಾಗೇ ಜೋತು ಬಿಡಿ, ಕಟ್ ತಾನೇ ಬಾಯಿ ತೆರೆಯುತ್ತದೆ. 2-3 ಅಡಿಗಿಂತ ಉದ್ದ ಇದ್ದರೆ ಪೂರ್ತಿ ಜೋತು ಬಿಟ್ಟರೆ ಕೊನೆಯ ಗೋಡೆ ಮಡಚಿ ಹರಿಯುತ್ತದೆ. ತುದಿಗೆ ಸ್ಟೂಲ್ ಕೊಡಿ, ಆದರೆ ಪೈಪಿನ ಮಟ್ಟಕ್ಕಿಂತ ಒಂದು ತೆಳು ಹಲಗೆಯ ದಪ್ಪದಷ್ಟು ಕೆಳಗೆ. ಮೇಲಕ್ಕೆ ಒತ್ತುವ ಆಧಾರ ಯಾವತ್ತೂ ಬೇಡ.

ಇನ್ನು ಸೊಟ್ಟದ ವಿಷಯ. ಒಂದು ಮುಖಕ್ಕೆ ಗೆರೆ ಎಳೆದು ಕೆಳಗಿನವರೆಗೂ ಒಂದೇ ಏಟಿಗೆ ಕತ್ತರಿಸುತ್ತೇವೆ ಅಂದುಕೊಳ್ಳುವುದೇ ತಪ್ಪು. ಹೊಸ 100 ಮಿ.ಮೀ. ಡಿಸ್ಕ್ ಫ್ಲ್ಯಾಂಜ್ (ಡಿಸ್ಕನ್ನು ನಡುವೆ ಹಿಡಿಯುವ ಬಿಲ್ಲೆ), ಗೇರ್ ತಲೆ ಕಳೆದು ಒಳಗೆ ಹೋಗುವುದು 25ರಿಂದ 30 ಮಿ.ಮೀ. ಅರ್ಧ ಸವೆದದ್ದು ಅಷ್ಟೂ ಹೋಗದು. ಆದ್ದರಿಂದ:

ಮೂಲೆಮಟ್ಟ ಹಿಡಿದು ನಾಲ್ಕೂ ಮುಖಕ್ಕೆ ಸ್ಕ್ರೈಬರಿನಲ್ಲಿ (ಲೋಹ ಗೀರುವ ಚೂಪು ಮೊನೆ) ಗೆರೆ. ನಾಲ್ಕನೆಯ ಗೆರೆ ಮೊದಲನೆಯದಕ್ಕೆ ಸೇರದಿದ್ದರೆ ಮಟ್ಟ ತಪ್ಪಿದೆ, ಅಥವಾ ಪೈಪಿನ ವೆಲ್ಡ್ ಜಾಯಿಂಟಿನ ಉಬ್ಬಿನ ಮೇಲೆ ಮಟ್ಟದ ಕಟ್ಟು (ಅದರ ದಪ್ಪ ಪಟ್ಟಿ) ಕೂತಿದೆ. ಉಬ್ಬಿಲ್ಲದ ಪಕ್ಕಕ್ಕೆ ಕಟ್ಟು ಒತ್ತಿ ಮತ್ತೆ ಎಳೆಯಿರಿ. ಸೀಮೆಸುಣ್ಣದ ಗೆರೆಯೇ 2 ಮಿ.ಮೀ. ದಪ್ಪ ಇರುತ್ತದೆ, ಬೇಡ.

ಆಮೇಲೆ ಗೆರೆ ಮೇಲೆ ಡಿಸ್ಕನ್ನು ಹಗುರ ಆಡಿಸಿ ಅರ್ಧ ಮಿ.ಮೀ. ಆಳದ ಗಾಡಿ (ಸಣ್ಣ ತೋಡು) ಮಾಡಿಕೊಳ್ಳಿ. ನಾಲ್ಕೂ ಮುಖಕ್ಕೂ. ಎರಡನೇ ಸುತ್ತಿನಲ್ಲಿ ಒಂದೊಂದೇ ಮುಖ ತೂರಿಸಿ, ಪೈಪ್ ತಿರುಗಿಸಿ ಮುಂದಿನ ಮುಖ. ಡಿಸ್ಕ್ ತನ್ನ ಗಾಡಿ ತಾನೇ ಹಿಡಿಯುತ್ತದೆ. ಈ ಪೈಪಿನ ಒಂದು ಗೋಡೆ 1.6 ಮಿ.ಮೀ. ಅಷ್ಟೆ, ನೀವು ಒತ್ತಬೇಕಾಗಿಯೇ ಇಲ್ಲ. ಮೆಷಿನ್‌ನ ಸ್ವಂತ ಭಾರ ಸಾಕು.

ಕಟ್ ಅರ್ಧ ಆದಮೇಲೆ ಸೊಟ್ಟ ಕಂಡರೆ ಮೆಷಿನ್ ತಿರುಚಿ ಸರಿಮಾಡಲು ಹೋಗಬೇಡಿ. ತೆಳು ಡಿಸ್ಕ್ ಪಕ್ಕದ ಒತ್ತಡ ತಡೆಯುವುದಿಲ್ಲ. ಹೊರಗೆ ತೆಗೆದು ಎದುರು ಮುಖದಿಂದ ಶುರುಮಾಡಿ.

ಸಾಣೆಕಲ್ಲು:
ಮೇಲಿನ ಮಾತಿಗೆ ಡಿಸ್ಕ್ ವಿಷಯ ಸೇರಿಸುತ್ತೇನೆ.

ಕೊಳ್ಳುವಾಗ ನಾಲ್ಕು ಕಡೆ ಕಣ್ಣು ಹಾಯಿಸಿ. ಒಂದು, ಆರ್‌ಪಿಎಂ. 100 ಮಿ.ಮೀ. ಡಿಸ್ಕ್ ಸೆಕೆಂಡಿಗೆ 80 ಮೀಟರ್ ವೇಗಕ್ಕೆ ಮಾಡಿದ್ದಾದರೆ ಮೇಲೆ ಸುಮಾರು 15,200 ಅಂತ ಇರುತ್ತದೆ, ಅದು ಮೆಷಿನ್‌ನ 11,000ಕ್ಕಿಂತ ಹೆಚ್ಚಿರಲೇಬೇಕು. ಎರಡು, ನಡುವಿನ ತೂತು. 4 ಇಂಚಿನದಕ್ಕೆ 16 ಮಿ.ಮೀ., 5 ಇಂಚಿನದಕ್ಕೆ 22.23 ಮಿ.ಮೀ. ಮೂರು, ಎಕ್ಸ್‌ಪೈರಿ. ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಈ ಡಿಸ್ಕ್ ಅಂದರೆ ರೆಸಿನ್‌ನಲ್ಲಿ ಕಲಸಿದ ಸಾಣೆ ಕಾಳು, ನಡುವೆ ಫೈಬರ್ ಗ್ಲಾಸ್ ಜಾಲರಿ. ರೆಸಿನ್ ತೇವ ಕುಡಿದು ಕಾಲಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ನಾಲ್ಕು, ಯಾವ ಲೋಹಕ್ಕೆ. ಕಬ್ಬಿಣಕ್ಕೆ ಅಲ್ಯೂಮಿನಿಯಂ ಆಕ್ಸೈಡ್, ಕಲ್ಲಿಗೆ ಸಿಲಿಕಾನ್ ಕಾರ್ಬೈಡ್. ಅದಲುಬದಲಾದರೆ ಡಿಸ್ಕ್ ಸವೆಯುತ್ತದೆ, ಕೆಲಸ ಆಗುವುದಿಲ್ಲ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆಯವರು ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ, ಮಟ್ಟಸವಾಗಿ ಮಲಗಿಸಿ ಇಡಿ. ಮೊಳೆಗೆ ನೇತುಹಾಕಿದರೆ ಬಾಗುತ್ತದೆ. ಬಾಗಿದ ಡಿಸ್ಕ್ ಓಡುವಾಗ ಅಂಚು ಎರಡಾಗಿ ಕಾಣುತ್ತದೆ, ಅದನ್ನು ಬಿಸಾಡಿ.

ಕೂರಿಸುವಾಗ ಬಹಳ ಜನ ತಪ್ಪುವುದು ನಟ್‌ನಲ್ಲಿ. 4 ಇಂಚಿನ ಮೆಷಿನ್‌ನ ಲಾಕ್ ನಟ್‌ಗೆ ಒಂದು ಪಕ್ಕ ಉಬ್ಬು, ಒಂದು ಪಕ್ಕ ಸಪಾಟು. 6 ಮಿ.ಮೀ. ಗ್ರೈಂಡಿಂಗ್ ವ್ಹೀಲ್‌ಗೆ ಉಬ್ಬು ಒಳಗೆ. 1.2 ಮಿ.ಮೀ. ಕಟಿಂಗ್ ಡಿಸ್ಕ್‌ಗೆ ಸಪಾಟು ಪಕ್ಕ ಡಿಸ್ಕ್ ಕಡೆಗೆ. ತಿರುಗಮುರುಗ ಹಾಕಿದರೆ ನಟ್ ಬಿಗಿಯಾದಂತೆ ಅನಿಸುತ್ತದೆ, ಡಿಸ್ಕ್ ಮಾತ್ರ ಸಡಿಲ. ಹೊಸ ಡಿಸ್ಕ್ ಹಾಕಿದ ಮೇಲೆ ಡಿಸ್ಕಿನ ನೇರಕ್ಕೆ ಯಾರೂ ಇಲ್ಲದಂತೆ ನೋಡಿಕೊಂಡು ಒಂದು ನಿಮಿಷ ಖಾಲಿ ಓಡಿಸಿ. ಬಿರುಕಿದ್ದರೆ ಆಗಲೇ ತೋರುತ್ತದೆ.

ಬೆಂಚ್ ಗ್ರೈಂಡರಿನ ದಪ್ಪ ಕಲ್ಲನ್ನು ಬಡಿದು ನಾದ ಕೇಳುವ ಪರೀಕ್ಷೆ ಈ ತೆಳು ಡಿಸ್ಕ್‌ಗೆ ಹೊಂದುವುದಿಲ್ಲ. ಇಲ್ಲಿ ಕಣ್ಣಲ್ಲೇ ನೋಡಬೇಕು.

ಇನ್ನೊಂದು. ಡಿಸ್ಕ್ ಸವೆದಂತೆ ನಿಧಾನ ಕತ್ತರಿಸುತ್ತದೆ, ಆಗ ಜನ ಒತ್ತುತ್ತಾರೆ. 11,000 ಆರ್‌ಪಿಎಂನಲ್ಲಿ 100 ಮಿ.ಮೀ. ಡಿಸ್ಕಿನ ಅಂಚು ಸೆಕೆಂಡಿಗೆ ಸುಮಾರು 57 ಮೀಟರ್ ಓಡುತ್ತದೆ. ಅದೇ ಡಿಸ್ಕ್ 70 ಮಿ.ಮೀ.ಗೆ ಸವೆದರೆ 40 ಮೀಟರ್. ಧಾರೆ ಕೆಟ್ಟದ್ದಲ್ಲ, ವೇಗ ಕಡಿಮೆಯಾದದ್ದು. ಸವೆದದ್ದನ್ನು ತೆಳು ಪಟ್ಟಿ, ಬೋಲ್ಟು, ಸರಳು ಕತ್ತರಿಸಲು ಎತ್ತಿಟ್ಟುಕೊಂಡು ಪೈಪ್‌ಗೆ ಹೊಸದು ಹಾಕಿ.

ಬೆಳಗಾವಿ ಫೌಂಡ್ರಿ:
ಎಲ್ಲಾ ಬರೋಬರಿ ಹೇಳ್ಯಾರ. ದಿಕ್ಕಿನ ಮಾತು ಯಾರೂ ಹೇಳಿಲ್ಲ, ನಾ ಹೇಳತೀನಿ.

ಗೇರ್ ತಲಿ ಮ್ಯಾಲ ಬಾಣದ ಗುರ್ತು ಇರತದ ನೋಡ್ರಿ, ಡಿಸ್ಕ್ ತಿರಗೋ ದಿಕ್ಕು. ಪೈಪ್‌ಗೆ ತಾಗೋ ಜಾಗದಾಗ ಡಿಸ್ಕಿನ ಅಂಚು ಯಾ ಕಡೆ ಓಡತದೋ, ಕಿಡಿ ಆ ಕಡೆ ಹಾರತದ. ಮೆಷಿನ್ನೂ ಆ ಕಡೆನ ಸರಿಸಬೇಕು. ಹಂಗ ಮಾಡಿದ್ರ ಮೆಷಿನ್ ನಿಮ್ಮ ಕೈಗೆ ಎದುರು ಒತ್ತತದ, ನೀವು ದೂಡಿದಷ್ಟ ಹೋಗತದ. ಉಲ್ಟಾ ಕಡೆ ಎಳದ್ರ ಡಿಸ್ಕ್ ಗಾಲಿ ಆಗತದ, ಪೈಪ್ ಮ್ಯಾಲ ಹತ್ತಿ ಓಡಾಕ ನೋಡತದ. ಕೈಯಾಗ ಮೆಷಿನ್ ತಾನ ಮುಂದ ಹೋದಂಗ ಆತಂದ್ರ ದಿಕ್ಕು ತಪ್ಪೇತಿ ಅಂತ ತಿಳೀರಿ.

ಮತ್ತ ಡಿಸ್ಕಿನ ನೇರಕ್ಕ ಮೈ ತರಬ್ಯಾಡ್ರಿ. ಕಚ್ಚಿದಾಗ ಮೆಷಿನ್ ಬರೋದು ಅದ ಗೆರಿ ಹಿಡಕೊಂಡು. ಒಂದು ಹೆಜ್ಜಿ ಬಾಜೂಕ ನಿಲ್ಲ್ರಿ. ಸೈಡ್ ಹ್ಯಾಂಡಲ್ ಬಿಚ್ಚಿ ಒಂದ ಕೈಲಿ ಕೆಲಸ ಮಾಡೋದು ಎಲ್ಲಾ ಕಡೆ ನೋಡತೀವಿ, ಅದು ಖರೇ ತಪ್ಪು.

ಗೇಟು ಗ್ರಿಲ್ಲು:
ಅಣ್ಣ, ಸೈಟಿನಲ್ಲಿ ಎಷ್ಟೋ ಜನ ಕಿಡಿ ತಮ್ಮಿಂದ ಆಚೆ ಹೋಗುವಂತೆ ಹಿಡಿದು ಮೆಷಿನ್ ತಮ್ಮ ಕಡೆ ಎಳೆದೇ ಕತ್ತರಿಸುತ್ತಾರೆ. ಗೆರೆ ಚೆನ್ನಾಗಿ ಕಾಣುತ್ತದೆ ಅಂತ. ಪೂರ್ತಿ ತಪ್ಪು ಅನ್ನಲು ಬರುತ್ತದೆಯೇ?

ಬೆಳಗಾವಿ ಫೌಂಡ್ರಿ:
ಗಾಡಿ ಹಾಕಾಕ, ಅರ್ಧ ಮಿ.ಮೀ. ಆಳಕ್ಕ, ಎಳದ್ರ ನಡೀತದ, ಅಲ್ಲಿ ಕಚ್ಚಾಕ ಏನೂ ಇಲ್ಲ. ತೂರಿಸುವಾಗ ಬ್ಯಾಡ. ಗೆರಿ ಕಾಣಬೇಕಂದ್ರ ಪೈಪ್ ತಿರುವಿ ಬಿಗೀರಿ, ಬೆಳಕು ಬಾಜೂದಿಂದ ಬರೋ ಹಂಗ ಮಾಡ್ಕೋರಿ.

ಹಿತ್ತಲ ವರ್ಕ್‌ಶಾಪ್:
ನಟ್ ತಿರುಗಮುರುಗ ಇತ್ತು, ಸರಿಮಾಡಿದೆ. ಅಳತೆ ನೋಡಿ ಹೇಳಿ: ಕಾಲು 750 ಮಿ.ಮೀ. ನಾಲ್ಕು, ಮೇಲಿನ ಚೌಕಟ್ಟು 600×400, ಕೆಳಗೆ ಎರಡು ಅಡ್ಡಪಟ್ಟಿ. ಒಂದು ಲೆಂತ್ (ಅಂಗಡಿಯ 6 ಮೀಟರಿನ ಪೂರ್ತಿ ಪೈಪ್) ಸಾಕಾ? ಆಟೋದಲ್ಲಿ ತರಲು ಅಂಗಡಿಯಲ್ಲೇ ಸರಿಯಾಗಿ ಅರ್ಧಕ್ಕೆ ಎರಡು ತುಂಡು ಮಾಡಿಸೋಣ ಅಂತಿದ್ದೇನೆ.

ಫಿಟ್ಟರ್ ಟ್ರೇಡ್:
ಒಂದು ಲೆಂತ್ ಸಾಕು, ಆದರೆ ಸರಿಯಾಗಿ ಅರ್ಧಕ್ಕೆ ಬೇಡ. 6 ಮೀಟರಿನ ಅರ್ಧ 3,000. ನಾಲ್ಕು ಕಾಲು ಅಂದರೆ 750 ನಾಲ್ಕಲಿ 3,000. ಡಿಸ್ಕ್ ತಿನ್ನುವುದನ್ನು ಎಲ್ಲಿಂದ ತರುತ್ತೀರಿ? 1.2 ಮಿ.ಮೀ. ಡಿಸ್ಕ್ ಅಲ್ಲಾಡಿದ್ದು ಸೇರಿ ಪ್ರತಿ ಕಟ್‌ಗೆ 1.5 ಮಿ.ಮೀ. ತಿನ್ನುತ್ತದೆ. ಅಂಗಡಿಯವರು ಕತ್ತರಿಸಿದ ತುದಿ ನೇರ ಇರುವುದಿಲ್ಲ, ಅದನ್ನು ಸರಿಮಾಡಲು ಇನ್ನು 5ರಿಂದ 10 ಬೇಕು. ಕೊನೆಯ ಕಾಲು ಗಿಡ್ಡವಾಗುತ್ತದೆ.

ಅಂಗಡಿಯಲ್ಲಿ 3,060ಕ್ಕೆ ಗುರುತು ಹಾಕಿಸಿ. ಉದ್ದದ್ದರಲ್ಲಿ ನಾಲ್ಕು ಕಾಲು. ಉಳಿದ 2,940ರಲ್ಲಿ 600ರ ಎರಡು, 350ರ ನಾಲ್ಕು, ಒಟ್ಟು 2,600. 350 ಯಾಕೆಂದರೆ ಮೇಲಿನ ಚೌಕಟ್ಟಿನ ಅಡ್ಡ ತುಂಡು ಎರಡು 25ರ ಪೈಪುಗಳ ನಡುವೆ ಕೂರುತ್ತದೆ, 400ರಲ್ಲಿ 50 ಕಳೆಯಬೇಕು. ಕೆಳಗಿನ ಅಡ್ಡಪಟ್ಟಿಗೂ ಕಾಲುಗಳ ನಡುವೆ ಅದೇ ಅಳತೆ. ಕೊನೆಗೆ 300 ಚಿಲ್ಲರೆ ಉಳಿಯುತ್ತದೆ, ಆದರೆ ಒಂದು ತುಂಡು ಕೆಟ್ಟರೆ ಅದು 350ಕ್ಕೂ ಸಾಲದು, ನೋಡಿಕೊಂಡು ಕತ್ತರಿಸಿ. ಕಾಲಿನ ಮೇಲೆ ಚೌಕಟ್ಟು ಕೂತರೆ ಎತ್ತರ 775 ಆಗುತ್ತದೆ, ನಿಮಗೆ ಬೇಕಾದದ್ದು 750 ಆದರೆ ಕಾಲು 725.

ಗುರುತು ಹಾಕುವಾಗ ಎಲ್ಲ ತುಂಡನ್ನೂ ಒಂದೇ ಸಲ ಟೇಪಿಟ್ಟು ಗುರುತಿಸಬೇಡಿ. ಒಂದು ಗುರುತು, ಒಂದು ಕಟ್, ಮತ್ತೆ ತುದಿಯಿಂದ ಅಳತೆ. ಮೊದಲ ಕಾಲನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದ ಮೂರಕ್ಕೂ ಅದರಿಂದಲೇ ಗುರುತು ಹಾಕಿ, ಟೇಪಿನ ಕೊಕ್ಕೆಯ ಸಡಿಲದ ತಪ್ಪು ಬರುವುದಿಲ್ಲ. ಡಿಸ್ಕ್ ಗೆರೆಯ ಬಿಸಾಡುವ ಪಕ್ಕದಲ್ಲಿ ಓಡಬೇಕು, ಗೆರೆ ತುಂಡಿನಲ್ಲಿ ಉಳಿಯಬೇಕು.

16 ಗೇಜ್ ಅಂದರೆ 1.6 ಮಿ.ಮೀ. ಒಂದು ಲೆಂತ್ ಸುಮಾರು 7 ಕೆ.ಜಿ. ತೂಗಬೇಕು. 5ರ ಹತ್ತಿರ ತೂಗಿದರೆ ಕೊಟ್ಟಿರುವುದು 18 ಗೇಜ್, ಅಂದರೆ 1.2 ಮಿ.ಮೀ. ವೆಲ್ಡಿಂಗ್ ಹೊಸದಾಗಿ ಕಲಿಯುವವರಿಗೆ 1.2 ಕಷ್ಟ, ತೂತು ಬೀಳುತ್ತದೆ.

ಮೀಟರ್ ಬೋರ್ಡ್:
ಕರೆಂಟಿನ ಕಡೆಯಿಂದ. 850 ವ್ಯಾಟ್, 230 ವೋಲ್ಟ್ ಅಂದರೆ ಸುಮಾರು 3.7 ಆಂಪ್, ಸಾಧಾರಣ 6 ಆಂಪ್ ಪಾಯಿಂಟ್ ಸಾಕು. ಎಕ್ಸ್‌ಟೆನ್ಶನ್ ವೈರು 1.5 ಚದರ ಮಿ.ಮೀ. ಇರಲಿ, ಸುರುಳಿ ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಹಾಗೇ ಇಟ್ಟರೆ ಒಳಗೆ ಬಿಸಿ ಹೆಚ್ಚಿ ಇನ್ಸುಲೇಶನ್ ಕರಗುತ್ತದೆ. ವೈರು ಕಿಡಿ ಬೀಳುವ ಪಕ್ಕದಲ್ಲಿ ಇರಬಾರದು. ಲೈನಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆಯಾ ನೋಡಿ, ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತಾ ನೋಡಿ.

ಪ್ಲಗ್‌ಗೆ ಎರಡೇ ಪಿನ್ ಇದ್ದರೆ ಗಾಬರಿ ಬೇಡ. ಬಾಡಿ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಡಬಲ್ ಇನ್ಸುಲೇಶನ್, ಅರ್ತ್ ಬೇಕಿಲ್ಲ.

ನಮ್ಮೂರುಗಳಿಗೆ ಬಹಳ ಮುಖ್ಯವಾದದ್ದು: ಕೆಲಸದ ನಡುವೆ ಕರೆಂಟ್ ಹೋದರೆ ತಕ್ಷಣ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಜಾರಿಸುವ ಸ್ವಿಚ್ಚಿನ ಮೆಷಿನ್ ಆನ್ ಇದ್ದಲ್ಲೇ ಉಳಿಯುತ್ತದೆ. ನೆಲದ ಮೇಲೆ ಮರೆತಿಟ್ಟದ್ದು ಕರೆಂಟ್ ಬಂದಾಗ ತಾನೇ ಓಡಿ ಕಾಲಿಗೆ ಬರುತ್ತದೆ. ಹೊಸದು ಕೊಳ್ಳುವವರು ಹಿಡಿ ಬಿಟ್ಟರೆ ನಿಲ್ಲುವ ಪ್ಯಾಡಲ್ ಸ್ವಿಚ್ಚಿನದನ್ನೇ ಕೊಳ್ಳಿ.

ಗಾಳಿ ಕಿಂಡಿಯಲ್ಲಿ ಕಾರ್ಬನ್ ಬ್ರಶ್ ಕಡೆ ಕಿಡಿ ಸುತ್ತಾಡುತ್ತಿದ್ದರೆ, ಅಥವಾ ಮೆಷಿನ್ ನಿಂತು ನಿಂತು ಓಡಿದರೆ, ಬ್ರಶ್ ಸವೆದಿದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಕಬ್ಬಿಣದ ಪುಡಿ ಮೋಟರ್ ಒಳಗೆ ಸೇರಿದರೆ ಆರ್ಮೇಚರ್ ಸುಡುತ್ತದೆ, ಕೆಲಸ ಮುಗಿದ ಮೇಲೆ ಬ್ಲೋವರ್‌ನಿಂದ ಕಿಂಡಿ ಊದಿ.

ಕರಾವಳಿ ರೈಲಿಂಗ್:
ಸ್ಟೀಲ್ ಕೆಲಸಕ್ಕೂ ಇದೇ ಮೆಷಿನ್ ಬಳಸುವವರಿಗೆ ಒಂದು ಮಾತು. ಎಂಎಸ್ ಕತ್ತರಿಸಿದ ಡಿಸ್ಕಿನಲ್ಲಿ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಕತ್ತರಿಸಬೇಡಿ. ಡಿಸ್ಕಿಗೆ ಹತ್ತಿದ ಕಬ್ಬಿಣದ ಪುಡಿ ಎಸ್‌ಎಸ್ ಮೇಲೆ ಕೂತು ಉಪ್ಪು ಗಾಳಿಗೆ ಕಂದು ಚುಕ್ಕೆ ಏಳುತ್ತದೆ, ಆಮೇಲೆ ಸ್ಟೀಲೇ ಕಳಪೆ ಅಂತ ಅಂಗಡಿಯವರನ್ನು ದೂರುತ್ತಾರೆ. ‘ಐನಾಕ್ಸ್’ ಅಂತ ಬರೆದ ಡಿಸ್ಕ್ ಬೇರೆಯೇ ಇಡಿ. ಅಂಚು ನೀಲಿ ತಿರುಗಿದರೆ ಬಿಸಿ ಹೆಚ್ಚಾಗಿದೆ, ಒಂದೇ ಜಾಗದಲ್ಲಿ ನಿಲ್ಲಿಸದೆ ಮುಂದೆ ಹಿಂದೆ ಆಡಿಸಿ.

ಅಲ್ಯೂಮಿನಿಯಂ ಮೆತ್ತಗಿನ ಲೋಹ, ಕಬ್ಬಿಣದ ಡಿಸ್ಕಿನ ಕಾಳುಗಳ ನಡುವೆ ಮೆತ್ತಿಕೊಳ್ಳುತ್ತದೆ. ಮೆತ್ತಿದ ಡಿಸ್ಕ್ ಕತ್ತರಿಸದೆ ಉಜ್ಜುತ್ತದೆ, ಬಿಸಿಯೇರಿ ಒಡೆಯಬಹುದು. ಅದಕ್ಕೆಂದೇ ಇರುವ ಡಿಸ್ಕ್ ತನ್ನಿ, ಇಲ್ಲವೇ ಹ್ಯಾಕ್ಸಾದಲ್ಲಿ ಮುಗಿಸಿ. ಅಲ್ಯೂಮಿನಿಯಂ ಪುಡಿಯನ್ನು ಕಬ್ಬಿಣದ ತುಕ್ಕು ಪುಡಿಯ ಜೊತೆ ಒಂದೇ ಡಬ್ಬಿಗೆ ಗುಡಿಸಬೇಡಿ. ಆ ಎರಡು ಸೇರಿದ ಪುಡಿಗೆ ಕಿಡಿ ಬಿದ್ದರೆ ಉರಿಯುವ ಬೆಂಕಿ ನೀರಿಗೆ ಆರುವುದಿಲ್ಲ.

ಜಿಐ (ಸತುವಿನ ಲೇಪದ ಕಬ್ಬಿಣ) ಪೈಪ್ ಕತ್ತರಿಸುವಾಗ ಸತುವಿನ ಹೊಗೆ ಬರುತ್ತದೆ, ಹೊರಗೆ ಗಾಳಿಯಲ್ಲಿ ಮಾಡಿ. ಹಳೆಯ ಡೀಸೆಲ್ ಡ್ರಮ್, ಪೆಟ್ರೋಲ್ ಟ್ಯಾಂಕ್, ಥಿನ್ನರ್ ಡಬ್ಬಿ ಕತ್ತರಿಸಿ ಹೂಕುಂಡ ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಖಾಲಿ ಡ್ರಮ್ಮಿನಲ್ಲಿ ಉಳಿದ ಆವಿ ಸಿಡಿಯುತ್ತದೆ.

ಎರಡನೇ ಮಹಡಿ:
ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಇದನ್ನು ಮಾಡಬಹುದಾ? 5 ಇಂಚಿನ ಡಿಸ್ಕ್ ಹಾಕಿದರೆ ಒಂದೇ ಏಟಿಗೆ ಪೈಪ್ ತೂರುತ್ತದೆ ಅಂತ ಗಾರ್ಡ್ ಬಿಚ್ಚಲು ಒಬ್ಬರು ಹೇಳಿದರು.

ಸಾಣೆಕಲ್ಲು:
ಗಾರ್ಡ್ ಬಿಚ್ಚಬೇಡಿ, ಯಾವ ಕಾರಣಕ್ಕೂ ಬೇಡ. ಡಿಸ್ಕ್ ಒಡೆದಾಗ ಚೂರು ಹೊರಡುವ ವೇಗ ಮೇಲೆ ಹೇಳಿದ 57 ಮೀಟರ್, ಅಂದರೆ ಗಂಟೆಗೆ 200 ಕಿ.ಮೀ. ಮೀರಿದ್ದು. ಅದರ ಮತ್ತು ನಿಮ್ಮ ಮುಖದ ನಡುವೆ ಇರುವುದು ಆ ತಗಡು ಒಂದೇ. 5 ಇಂಚಿನದರ ತೂತು 22.23, ನಿಮ್ಮ ಫ್ಲ್ಯಾಂಜ್ 16ರದ್ದು. ನಡುವೆ ಕೂರದ ಡಿಸ್ಕ್ ಅಡ್ಡಾದಿಡ್ಡಿ ತಿರುಗುತ್ತದೆ. 14 ಇಂಚಿನ ಕಟಿಂಗ್ ಮೆಷಿನ್‌ನ ಸವೆದ ಡಿಸ್ಕನ್ನು ಹ್ಯಾಂಡ್ ಗ್ರೈಂಡರ್‌ಗೆ ಹಾಕುವವರೂ ಇದ್ದಾರೆ. ಅದರ ಮೇಲಿನ ಆರ್‌ಪಿಎಂ 4,300ರ ಆಸುಪಾಸು, ಇಲ್ಲಿ 11,000. ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದು ಇವೆಲ್ಲಕ್ಕಿಂತ ಕೆಟ್ಟದ್ದು, ಹಲ್ಲು ಕಚ್ಚಿದ ಕೂಡಲೇ ಮೆಷಿನ್ ಕೈಯಲ್ಲಿ ನಿಲ್ಲುವುದಿಲ್ಲ.

ಫಿಟ್ಟರ್ ಟ್ರೇಡ್:
ಬಾಲ್ಕನಿ ಬೇಡ ಮೇಡಂ/ಸರ್. ಕಿಡಿ ಕೆಳಗಿನ ಮನೆಯ ಬಟ್ಟೆಗೆ, ನಿಂತ ಗಾಡಿಗಳಿಗೆ ಬೀಳುತ್ತದೆ. ಕಿಡಿ ಅಂದರೆ ಕರಗಿದ ಕಬ್ಬಿಣದ ಕಣ, ಕಿಟಕಿ ಗಾಜಿಗೆ ತಾಗಿದರೆ ಅಲ್ಲೇ ಹುದುಗಿ ಗಾಜು ಒರಟಾಗುತ್ತದೆ, ಎಷ್ಟು ಒರೆಸಿದರೂ ಹೋಗದು. ಟೈಲ್ಸ್ ಮೇಲೆ ಬಿದ್ದದ್ದಕ್ಕೆ ನೀರು ತಾಗಿದರೆ ತುಕ್ಕಿನ ಕಲೆ.

ಹತ್ತು ತುಂಡಿನ ಕೆಲಸ ಹ್ಯಾಕ್ಸಾದಲ್ಲೇ ಚೆನ್ನಾಗಿ ಆಗುತ್ತದೆ. 12 ಇಂಚಿನ ಬ್ಲೇಡ್, ಇಂಚಿಗೆ 32 ಹಲ್ಲಿನದು. ಹಲ್ಲಿನ ತುದಿ ಮುಂದಕ್ಕೆ ನೋಡಬೇಕು, ಬ್ಲೇಡ್ ತಂತಿಯಂತೆ ಬಿಗಿಯಿರಬೇಕು. ಇಲ್ಲಿಯೂ ಮೇಲಿನ ನಿಯಮವೇ: ಒಂದು ಮುಖ ತೂರಿದ ಕೂಡಲೇ ಪೈಪ್ ತಿರುಗಿಸಿ. ಹಾಗೇ ಕೆಳಗಿಳಿದರೆ ಎರಡು ಪಕ್ಕದ ಗೋಡೆಯ 1.6 ಮಿ.ಮೀ. ಅಂಚಿನ ಮೇಲೆ ಒಂದೆರಡು ಹಲ್ಲು ಮಾತ್ರ ನಿಂತು ಕಿತ್ತುಹೋಗುತ್ತವೆ. ನಿಮಿಷಕ್ಕೆ 40-50 ಎಳೆತ, ಹಿಂದೆ ಎಳೆಯುವಾಗ ಒತ್ತದಿರಿ.

ಗೇಟು ಗ್ರಿಲ್ಲು:
ಕನ್ನಡಕ, ಗ್ಲೌಸ್ ಬಗ್ಗೆಯೂ ಹೇಳಿಬಿಡಿ. ಗ್ಲೌಸ್ ಹಾಕಬಾರದು ಅನ್ನುವವರೂ ಇದ್ದಾರೆ.

ಸಾಣೆಕಲ್ಲು:
ಡ್ರಿಲ್ಲಿಂಗ್ ಮೆಷಿನ್, ಲೇತ್‌ಗೆ ಗ್ಲೌಸ್ ಬಾರದು, ಸುತ್ತಿಕೊಳ್ಳುತ್ತದೆ. ಗ್ರೈಂಡರ್‌ಗೆ ಕೈಗೆ ಸರಿಯಾಗಿ ಕೂರುವ ಚರ್ಮದ ಗ್ಲೌಸ್ ಒಳ್ಳೆಯದು. ನೂಲಿನ ಬಿಳಿ ಗ್ಲೌಸ್ ಬೇಡ, ನೂಲು ಬಿಚ್ಚಿ ಡಿಸ್ಕಿಗೆ ಸಿಗುತ್ತದೆ. ಲುಂಗಿ, ಪಂಚೆ, ದುಪ್ಪಟ್ಟಾ, ಸೀರೆ ಸೆರಗು ಯಾವುದೂ ಹತ್ತಿರ ಬೇಡ. ನೈಲಾನ್ ಟಿ-ಶರ್ಟ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ, ಹತ್ತಿಯ ತುಂಬುತೋಳಿನ ಅಂಗಿ ಹಾಕಿ.

ಕಣ್ಣಿಗೆ ಪಕ್ಕ ಮುಚ್ಚುವ ಗಾಗಲ್, ಅದರ ಮೇಲೆ ಫೇಸ್ ಶೀಲ್ಡ್. ಓದುವ ಕನ್ನಡಕ ಲೆಕ್ಕಕ್ಕಿಲ್ಲ. ಕಣ್ಣಿಗೆ ಕಬ್ಬಿಣದ ಕಣ ಹೊಕ್ಕರೆ ಉಜ್ಜಬೇಡಿ, ಬೆಂಕಿಕಡ್ಡಿಯಲ್ಲಿ ತೆಗೆಸಬೇಡಿ, ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ. ಕೆಲವೇ ಗಂಟೆಗಳಲ್ಲಿ ಕಣದ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ, ಅದನ್ನು ತೆಗೆಯುವುದು ಕಣ ತೆಗೆಯುವುದಕ್ಕಿಂತ ಕಷ್ಟ.

ಹಿತ್ತಲ ವರ್ಕ್‌ಶಾಪ್:
ಕ್ಲಾಂಪ್ ಬದಲಿಸಿ, ನಾಲ್ಕು ಮುಖಕ್ಕೂ ಗಾಡಿ ಹಾಕಿ ಕತ್ತರಿಸಿದ ಮೇಲೆ ಮೂಲೆಮಟ್ಟದ ಕೆಳಗೆ ಬೆಳಕು ಕಾಣುವುದು ಅರ್ಧ ಮಿ.ಮೀ. ಒಳಗೆ ಬಂದಿದೆ. ಒಂದು ಡಿಸ್ಕೂ ಒಡೆದಿಲ್ಲ. ಅಂಚಿನಲ್ಲಿ ಬರ್ (ಕತ್ತರಿಸಿದಲ್ಲಿ ಉಳಿದ ಚೂಪು ಮುಳ್ಳು) ಇದೆ. ಇದೇ ಡಿಸ್ಕಿನ ಪಕ್ಕದಿಂದ ಉಜ್ಜಬಹುದೇ?

ಫಿಟ್ಟರ್ ಟ್ರೇಡ್:
ಇಲ್ಲ, ಕಟಿಂಗ್ ಡಿಸ್ಕಿನ ಪಕ್ಕ ಉಜ್ಜುವುದಕ್ಕಲ್ಲ. ಜಾಲರಿ ಸವೆದು ಮುಂದಿನ ಕಟ್‌ನಲ್ಲಿ ಒಡೆಯುತ್ತದೆ. 80 ನಂಬರ್ ಫ್ಲ್ಯಾಪ್ ಡಿಸ್ಕ್ (ಸಾಣೆ ಬಟ್ಟೆಯ ಪದರಗಳ ಡಿಸ್ಕ್) ಹಾಕಿ ಹೊರಗಿನ ಬರ್ ಒಂದು ಸಲ ಸವರಿ, ಒಳಗಿನದಕ್ಕೆ ಅರ್ಧಗೋಲ ಅರ. ಅರ್ಧ ಮಿ.ಮೀ. ಸಂದು ವೆಲ್ಡಿಂಗ್‌ಗೆ ತೊಂದರೆ ಕೊಡದು. ವೆಲ್ಡ್ ಬರುವ ಕಡೆ 15-20 ಮಿ.ಮೀ. ಅಗಲಕ್ಕೆ ಪೈಪಿನ ಎಣ್ಣೆ, ಕಪ್ಪು ಪದರ ಹೋಗುವ ಹಾಗೆ ಅದೇ ಫ್ಲ್ಯಾಪ್‌ನಲ್ಲಿ ಹೊಳಪು ಬರಿಸಿ. ಕಾಲಿನ ಕೆಳ ಬಾಯಿಗೆ ಪ್ಲಾಸ್ಟಿಕ್ ಕ್ಯಾಪ್ ತರುವಾಗ 25×25 ಅಂತ ಮಾತ್ರ ಕೇಳಬೇಡಿ, 16 ಗೇಜ್ ಅಂತಲೂ ಹೇಳಿ. ಕ್ಯಾಪ್ ಕೂರುವುದು ಒಳ ಅಳತೆಗೆ, ಅದು 21.8 ಮಿ.ಮೀ. ಒಳಗಿನ ವೆಲ್ಡ್ ಉಬ್ಬು ಅಡ್ಡ ಬಂದರೆ ಬಾಯಿಯಿಂದ 15 ಮಿ.ಮೀ. ಆಳದವರೆಗೆ ಅದನ್ನು ಅರದಿಂದ ಇಳಿಸಿ.